ಕುಂಡ ಎತ್ತಿ ನೋಡುವ ವಾರಿಜಕ್ಕ

ಯಾರ ಮನೆಗೆ ಹೋದರೂ ವಾರಿಜಕ್ಕ ಮೊದಲು ನೋಡುತ್ತಿದ್ದದ್ದು ಹೂವನ್ನಲ್ಲ, ಕುಂಡದ ಅಡಿಯನ್ನು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಪ್ಪತ್ತು ದಾಟಿದ ತಮ್ಮ ಮಂಡಿಗಳನ್ನು ಬೈದುಕೊಳ್ಳುತ್ತ ಕೂತು, ಒಂದು ಕುಂಡವನ್ನು ತುಸು ವಾಲಿಸಿ ಕೆಳಗೆ ಬೆರಳಾಡಿಸುತ್ತಿದ್ದರು. ಗುಲಾಬಿ ತೋರಿಸಲೆಂದು ಉತ್ಸಾಹದಿಂದ ಬಂದ ಮನೆಯಾಕೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದಳು. "ಚಟ್ಟಿ ವರ್ಷಗಟ್ಟಲೆ ಒಂದೇ ಕಡೆ ಕೂತಿದ್ದರೆ ನೆಲದಲ್ಲಿ ಬಳೆಯ ಹಾಗೆ ಕಲೆ ಕಟ್ತದೆ. ಕಲೆ ಇಲ್ಲ ಅಂದ್ರೆ ನಿನ್ನೆ ಮೊನ್ನೆ ತಂದಿಟ್ಟದ್ದು. ಹೂವು ಯಾರು ಬೇಕಾದ್ರೂ ತೋರಿಸ್ತಾರೆ ಮಾರಾಯ್ತಿ," ಎಂದು ನನಗೆ ಮೊದಲ ದಿನವೇ ಪಾಠ ಮಾಡಿದ್ದರು.

ನಮ್ಮದು ಚೆನ್ನೈಯ ಅಡ್ಯಾರಿನ ಏಳೆಂಟು ಬೀದಿಗಳಿಗೆ ಸೇರಿದ ಒಂದು ಗಾರ್ಡನ್ ಕ್ಲಬ್ಬು. ಎರಡು ತಿಂಗಳಿಗೊಮ್ಮೆ, ವಾರಿಜಕ್ಕ ಹಾಕಿದ ಮಾರ್ಕಿನ ಮೇಲೆ, ಒಂದು ಮನೆಯ ತೋಟವನ್ನು ಆರಿಸಿ, ಆ ಮನೆಯ ಗೇಟಿಗೆ 'ನಮ್ಮ ಬಡಾವಣೆಯ ಚೆಂದದ ತೋಟ' ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದ ಹಸಿರು ಬೋರ್ಡು ಕಟ್ಟುತ್ತೇವೆ. ಎರಡು ತಿಂಗಳಾದ ಮೇಲೆ ಬಿಚ್ಚಿಕೊಂಡು ಬರುತ್ತೇವೆ. ಬಹುಮಾನ ಅಂತ ಬೇರೆ ಏನೂ ಇಲ್ಲ. ಆ ತಗಡಿನ ಬೋರ್ಡಿಗೋಸ್ಕರ ಓದಿದವರು, ವಿದೇಶ ಸುತ್ತಿದವರು ಪಡುವ ಪಾಡು ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಒಬ್ಬ ಮಹಾನುಭಾವರು ನಾವು ಹೋಗುವ ಹಿಂದಿನ ದಿನ ನರ್ಸರಿಯಿಂದ ಕುಂಡಗಳನ್ನು ಬಾಡಿಗೆಗೆ ತರಿಸಿ ಅಂಗಳದ ತುಂಬ ಜೋಡಿಸಿದ್ದರು. ವಾರಿಜಕ್ಕ ನಾಲ್ಕು ಕುಂಡಗಳ ಅಡಿ ಮುಟ್ಟಿ ನೋಡಿದರು, ಅವರು ಕೊಟ್ಟ ಕಾಫಿಯನ್ನು ನಿಧಾನಕ್ಕೆ ಕುಡಿದರು, ಲೋಟ ಕೆಳಗಿಟ್ಟು, "ಗಿಡ ಎಲ್ಲ ಭಾರೀ ಚೆಂದ ಉಂಟು. ಮುಂದಿನ ವರ್ಷವೂ ಇಲ್ಲೇ ಇದ್ದರೆ ಹೇಳಿ, ಬರ್ತೇವೆ," ಎಂದು ತಮ್ಮ ಉಡುಪಿ ಧಾಟಿಯ ತಮಿಳಿನಲ್ಲಿ ಹೇಳಿ ಎದ್ದರು. ಆ ಮನುಷ್ಯ ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಾರೆ.

ನನಗೂ ಗಿಡಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ಮೈಸೂರಿನವಳು, ಗಂಡನ ಕೆಲಸ ಇಲ್ಲಿಗೆ ಬಂತು ಅಂತ ನಾನೂ ಬಂದೆ, ಇಲ್ಲೇ ಒಂದು ಶಾಲೆಯಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಒಂದು ದಿನ ತರಕಾರಿ ಗಾಡಿಯ ಹತ್ತಿರ ನಿಂತು ಫೋನಿನಲ್ಲಿ ನನ್ನ ತಂಗಿಗೆ ಸಹಸ್ರನಾಮ ಮಾಡುತ್ತಿದ್ದೆ. ಹಿಂದಿನಿಂದ ಒಂದು ಕೈ ಭುಜ ಹಿಡಿಯಿತು.

"ಬೈಗುಳ ಕೇಳಿದ್ರೆ ಮೈಸೂರು ಕಡೆಯವಳ ಹಾಗೆ ಉಂಟು. ಹೌದಾ?"

"ಹೌದು ರೀ, ನೀವು?"

"ಅದು ಆಮೇಲೆ. ನಿನಗೆ ಬೇಗ ಬೇಗ ಬರೀಲಿಕ್ಕೆ ಬರ್ತದಾ?"

"ಟೀಚರ್ ರೀ ನಾನು!"

"ಹಾಗಾದ್ರೆ ಭಾನುವಾರ ಏಳು ಗಂಟೆಗೆ ಬಾ. ನಾನು ಹೇಳ್ತೇನೆ, ನೀನು ಬರಿ. ನನಗೆ ಬರೆಯುವ ರಗಳೆ ಎಲ್ಲ ಬೇಡ."

ಮಾತಾಡುವಾಗ ಅವರು ನನ್ನ ಮುಖ ನೋಡಲಿಲ್ಲ, ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದರು. ಎಲ್ಲರ ಜೊತೆಯೂ ಹಾಗೇ. ಕ್ಲಬ್ಬಿನಲ್ಲಿ ಕೆಲವರು ಅದನ್ನು ಗರ್ವ ಅನ್ನುತ್ತಿದ್ದರು. ನಾನೂ ಹಾಗೇ ತಿಳಿದುಕೊಂಡಿದ್ದೆ. ಹೀಗೆ ನಾನು ಬಿಟ್ಟಿ ಗುಮಾಸ್ತೆಯಾಗಿ ಸೇರಿ ಮೂರು ವರ್ಷ ಅವರ ಹಿಂದೆ ಸುತ್ತಿದೆ.

ಮೈಲಾಪೂರಿನಲ್ಲಿ ಅವರ ಯಜಮಾನರದು ಒಂದು ಪುಟ್ಟ ಸಸ್ಯಾಹಾರಿ ಹೋಟೆಲಿತ್ತಂತೆ. ಅದರ ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಆಚೆ, ಒಂದು ತುಂಡು ನೆಲ. ಅಕ್ಕಿ ತೊಳೆದ ನೀರು, ಕಾಫಿ ಚರಟ, ತರಕಾರಿ ಸಿಪ್ಪೆ, ಇಷ್ಟರಲ್ಲೇ ವಾರಿಜಕ್ಕ ಅಲ್ಲಿ ಬಸಳೆ ಚಪ್ಪರ ಎಬ್ಬಿಸಿದರು, ಬಾಳೆ ಎಬ್ಬಿಸಿದರು, ಹೋಟೆಲಿನ ಒಗ್ಗರಣೆಗೆ ಸಾಕಾಗುವಷ್ಟು ಕರಿಬೇವು ಬೆಳೆದರು. "ಸಾಂಬಾರು ಚೆನ್ನಾಗುಂಟು ಅಂತ ಜನ ಅಡುಗೆ ಭಟ್ಟರನ್ನು ಹೊಗಳ್ತಿದ್ರು. ನನ್ನ ಕರಿಬೇವನ್ನು ತಟ್ಟೆಯ ಬದಿಗೆ ತೆಗೆದಿಡ್ತಿದ್ರು, ಮುಂಡೇವು!" ಎಂದು ಅಷ್ಟು ವರ್ಷಗಳ ಮೇಲೂ ಸಿಟ್ಟಾಗುತ್ತಿದ್ದರು. ಕಟ್ಟಡದವರು ಜಾಗ ಮಾರಿದರು, ಹೋಟೆಲು ಮುಚ್ಚಿತು. ಅದಾದ ಮೇಲೆ ಯಜಮಾನರು ಹೆಚ್ಚು ದಿನ ಉಳಿಯಲಿಲ್ಲ. ವಾರಿಜಕ್ಕ ಅಡ್ಯಾರಿಗೆ, ಮಗಳು ಸುಜಾತಳ ಫ್ಲ್ಯಾಟಿಗೆ ಬಂದರು. ಮಗಳೂ ಅಳಿಯನೂ ಒಳ್ಳೆಯವರೇ, ಸುಳ್ಳು ಯಾಕೆ ಹೇಳಲಿ. ಆದರೆ ಆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಕೂತಿತ್ತು. ಅದರ ಪಕ್ಕ ಒಂದು ತುಳಸಿ ಇಟ್ಟರೆ ಬಾಗಿಲು ತೆರೆಯುತ್ತಿರಲಿಲ್ಲ.

ಊರಿನ ತೋಟಗಳಿಗೆಲ್ಲ ಮಾರ್ಕು ಹಾಕುವ ಹೆಂಗಸಿಗೆ ಸ್ವಂತದ್ದು ಒಂದು ಗಿಡವೂ ಇಲ್ಲ ಎನ್ನುವುದು ಕ್ಲಬ್ಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೋದ ಕಡೆ ಒಣಗಿದ ಎಲೆ ಚಿವುಟುವುದು, ಮಣ್ಣು ಸಡಿಲಿಸುವುದು, ಮನೆಯವರು ಬೇಡ ಬೇಡ ಅಂದರೂ ಪೈಪು ಕಿತ್ತುಕೊಂಡು ನೀರು ಹಾಯಿಸುವುದು, ಎಲ್ಲ ನಡೆಯುತ್ತಿತ್ತು. ಒಂದೊಂದು ಮನೆಯಲ್ಲಿ ಎರಡೆರಡು ಗಂಟೆ. ನನಗೋ ಮನೆಯಲ್ಲಿ ಇಡ್ಲಿ ಹಿಟ್ಟು ಹುಳಿಯಾಗುತ್ತಿದೆ ಎನ್ನುವ ಚಿಂತೆ.

ಎರಡನೇ ವರ್ಷ ಒಂದು ಮನೆಯಲ್ಲಿ ದಾಸವಾಳದ ಗಿಡದ ಮುಂದೆ ನಿಂತು, "ಒಂದೇ ಹೂವು ಬಿಟ್ಟದ್ದಾದ್ರೂ ಎಂಥ ಕೆಂಪು ಮಾರಾಯ್ತಿ!" ಅಂದರು. ಅದು ಹೂವಲ್ಲ, ಮಗುವಿನ ಕೆಂಪು ಟೋಪಿ. ಒಣಗಲೆಂದು ಯಾರೋ ಕೊಂಬೆಗೆ ಸಿಕ್ಕಿಸಿದ್ದರು. ಮನೆಯವರು ತಮಾಷೆ ಅಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ವಾರಿಜಕ್ಕನೂ ನಕ್ಕರು. ನಾನು ಅವರ ಮುಖ ನೋಡಿದೆ, ಅದರಲ್ಲಿ ಬಣ್ಣವೇ ಇರಲಿಲ್ಲ.

ಆಟೋದಲ್ಲಿ ಕೇಳಿಯೇಬಿಟ್ಟೆ. ಅವರು ಹೇಳಿದರು: "ನೆಟ್ಟಗೆ ನೋಡಿದ್ರೆ ನಡುವಲ್ಲಿ ಒಂದು ಕಪ್ಪು ಕಲೆ. ಬದಿಯಲ್ಲಿ ಮಾತ್ರ ಅಷ್ಟಿಷ್ಟು ಕಾಣ್ತದೆ. ಡಾಕ್ಟ್ರು ಇನ್ನೂ ಕಡಿಮೆ ಆಗ್ತದೆ ಹೇಳಿದ್ದಾರೆ. ಕ್ಲಬ್ಬಿನಲ್ಲಿ ಹೇಳಬೇಡ, ನಿನ್ನ ದಮ್ಮಯ್ಯ. ಮಾರ್ಕು ಹಾಕ್ಲಿಕ್ಕೆ ಬರ್ತಾಳೆ ಅಂತ ಈ ಮುದುಕಿಯನ್ನು ಗೇಟಿನ ಒಳಗೆ ಬಿಡ್ತಾರೆ. ಅದೂ ಹೋದ್ರೆ ನನ್ನನ್ನು ಯಾರು ಮನೆಗೆ ಕರೀತಾರೆ ಹೇಳು? ಮಣ್ಣು ಮುಟ್ಲಿಕ್ಕೆ ನಾನು ಎಲ್ಲಿಗೆ ಹೋಗ್ಬೇಕು?"

ಅಂದಿನಿಂದ ನಾನೇ ಅವರ ಕಣ್ಣಾದೆ. ಉಪಾಯ ಬಹಳ ಸುಲಭದ್ದು. ಪುಸ್ತಕ ಹಿಡಿದು ಬರೆದುಕೊಳ್ಳುವವಳ ಹಾಗೆ ನಟಿಸುತ್ತ, ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ: "ಬಲಗಡೆ ಮೂರು ದಾಸವಾಳ, ಹಳದಿ, ಎಲೆ ಮುದುಡಿದೆ. ಎರಡು ಹೆಜ್ಜೆ ಮುಂದೆ ಮೆಟ್ಟಿಲು, ಹುಷಾರು. ಎಡಕ್ಕೆ ನಿಂಬೆ, ಕಾಯಿ ಬಿಟ್ಟಿದೆ." ಅವರು ಬಗ್ಗಿ ಎಲೆಯ ಹಿಂಬದಿ ಸವರಿ, ಮಣ್ಣು ಮೂಸಿ, ಉಳಿದದ್ದನ್ನು ತಾವೇ ತಿಳಿದುಕೊಳ್ಳುತ್ತಿದ್ದರು. ಮನೆಯವರು ನಾವು ಮಾರ್ಕಿನ ಗುಟ್ಟು ಮಾತಾಡುತ್ತಿದ್ದೇವೆ ಎಂದುಕೊಂಡು ಮರ್ಯಾದೆಯಿಂದ ದೂರ ನಿಲ್ಲುತ್ತಿದ್ದರು. ಚೆನ್ನೈಯಲ್ಲಿ ಕನ್ನಡ ಯಾರಿಗೆ ಅರ್ಥವಾಗಬೇಕು ಎನ್ನುವ ಧೈರ್ಯದಲ್ಲಿ ನಾವಿಬ್ಬರೂ ಬಾಯಿಗೆ ಬಂದದ್ದು ಮಾತಾಡಿದೆವು. ಮನೆಯೊಡತಿಯ ಸೀರೆ, ಅವಳ ನಾಯಿ, ನೀರಿನಂಥ ಕಾಫಿ, ಒಂದನ್ನೂ ಬಿಡಲಿಲ್ಲ. ಪಾಪ ತಗುಲದೆ ಇರುತ್ತದೆಯೇ?

ರಾಜಲಕ್ಷ್ಮಿ ಮಾಮಿ ಅಂತ ನಾಲ್ಕನೇ ಬೀದಿಯಲ್ಲಿ ಒಬ್ಬರಿದ್ದರು. ಹಿಂದಿನ ವರ್ಷವಷ್ಟೇ ಬಂದವರು. ಅಂದಿನಿಂದ ಪ್ರತಿ ಸಲವೂ ಅರ್ಜಿ ಹಾಕಿ, ಪ್ರತಿ ಸಲವೂ ಬೋರ್ಡು ತಪ್ಪಿಸಿಕೊಂಡಿದ್ದರು. ಆ ಭಾನುವಾರ ಅವರ ಅಂಗಳದಲ್ಲಿ ನಾನು ಎಂದಿನಂತೆ ಶುರು ಮಾಡಿದೆ. ವಾರಿಜಕ್ಕ ಮಣ್ಣು ಮೂಸಿ, "ನೀರು ಕುಡಿಸಿ ಕುಡಿಸಿ ಕೊಲ್ತಾ ಇದ್ದಾಳೆ ಇವಳು. ಬೇರು ಕೊಳೆತ ವಾಸನೆ. ಇನ್ನೆಂತ ಉಂಟು ಹೇಳು, ನನಗೆ ಈ ಮೂಲೆ ಏನೂ ಕಾಣುವುದಿಲ್ಲ," ಅಂದರು. ಹಿಂದಿನಿಂದ ಶುದ್ಧ ಬೆಂಗಳೂರು ಕನ್ನಡ ಬಂತು.

"ಆ ಮೂಲೇಲಿ ಮಲ್ಲಿಗೆ ಇದೆ. ಟೀಚರ್ ಹೇಳೋದು ಮರೆತ್ರು."

ಮಾಮಿ! ಕೈಯಲ್ಲಿ ಕಾಫಿಯ ತಟ್ಟೆ. ಮಲ್ಲೇಶ್ವರದಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದವರಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಮಿ ನಮ್ಮಿಬ್ಬರನ್ನೂ ನೋಡಿ, ಬಹಳ ಮೃದುವಾಗಿ, "ಈ ಸಲವಾದ್ರೂ ನಮಗೆ ಬೋರ್ಡು ಸಿಗುತ್ತಾ?" ಅಂದರು. ಕಾಫಿ ಹೇಗಿತ್ತೋ ನನಗೆ ನೆನಪಿಲ್ಲ.

"ಇದು ಬೆದರಿಕೆ ಅಲ್ಲದೆ ಇನ್ನೇನು?" ಎಂದು ಹೊರಗೆ ಬಂದ ಕೂಡಲೇ ಹಾರಾಡಿದೆ. "ಕೊಟ್ಟುಬಿಡಿ ವಾರಿಜಕ್ಕ. ಒಂದು ತಗಡು, ಎರಡು ತಿಂಗಳು. ನಮ್ಮಪ್ಪನ ಗಂಟೇನು ಹೋಗುತ್ತೆ? ಇಲ್ಲದಿದ್ರೆ ಆಕೆ ಕ್ಲಬ್ಬಿನಲ್ಲಿ ಡಂಗುರ ಹೊಡೀತಾಳೆ, ನಿಮ್ಮ ಭಾನುವಾರಗಳಿಗೆ ಎಳ್ಳುನೀರೇ!"

ವಾರಿಜಕ್ಕ ಫ್ಲ್ಯಾಟಿನ ಗೇಟಿನ ಹತ್ತಿರ, "ಬೇರು ಕೊಳೆತಿದೆ ಮಾರಾಯ್ತಿ. ಹೇಗೆ ಕೊಡುವುದು?" ಅಂದರು, ಅಷ್ಟೇ.

ಆ ವಾರದ ಸಭೆಯಲ್ಲಿ ಎದ್ದು ನಿಂತು, ಬೋರ್ಡು ಆರನೇ ಬೀದಿಯ ಟೈಲರ್ ಮನೆಗೆ ಎಂದು ಹೇಳಿದರು. ಹೇಳಿ ಕೂರಲಿಲ್ಲ. "ಇನ್ನೊಂದು ವಿಷಯ. ನನಗೆ ಮೂರು ವರ್ಷದಿಂದ ಸರಿಯಾಗಿ ಕಣ್ಣು ಕಾಣುವುದಿಲ್ಲ. ಈ ಟೀಚರ್ ಹೇಳಿದ್ದು, ನಾನು ಮುಟ್ಟಿ ನೋಡಿದ್ದು, ಎರಡು ಸೇರಿಸಿ ಮಾರ್ಕು ಹಾಕಿದ್ದು. ತಪ್ಪು ಬೋರ್ಡು ಒಂದೂ ಕೊಟ್ಟಿಲ್ಲ ಅಂತ ನನ್ನ ನಂಬಿಕೆ. ಆದ್ರೆ ನಿಮ್ಮಿಂದ ಮುಚ್ಚಿಟ್ಟದ್ದು ತಪ್ಪೇ. ಇನ್ನು ಬೇರೆಯವರನ್ನು ನೋಡಿಕೊಳ್ಳಿ," ಅಂದರು. ನಾನು ಮಾಮಿಯ ಕಡೆ ದುರುಗುಟ್ಟಿ ನೋಡಿದೆ. ಮಾಮಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕ್ಲಬ್ಬಿನವರು ಕೆಟ್ಟವರಲ್ಲ. ಯಾರೂ ಒಂದು ಮಾತು ಅನ್ನಲಿಲ್ಲ. ವಾರಿಜಕ್ಕನನ್ನು ಕರೆದು ಶಾಲು ಹೊದಿಸಿ, ಹೊಗಳಿ, ಒಂದು ದೊಡ್ಡ ಗುಲಾಬಿ ಕುಂಡವನ್ನೇ ಉಡುಗೊರೆ ಕೊಟ್ಟರು. ಇಟ್ಟುಕೊಳ್ಳಲು ಅಂಗೈಯಗಲ ಜಾಗವಿಲ್ಲದವರಿಗೆ ಆ ಕುಂಡ! ನಾನು ಅದನ್ನು ಹೊತ್ತುಕೊಂಡು ಹೋಗಿ ಸುಜಾತಳ ಫ್ಲ್ಯಾಟಿನ ವಾಚ್‌ಮನ್ ಕುರ್ಚಿಯ ಪಕ್ಕ ಇಟ್ಟು ಬಂದೆ. ಮುಂದಿನ ಸಭೆಯಲ್ಲಿ ನನ್ನನ್ನೇ ಮಾರ್ಕು ಹಾಕುವವಳನ್ನಾಗಿ ಆರಿಸಿದರು. ಬೇಡ ಅಂದೆ, ಕೇಳಲಿಲ್ಲ. ಅಲ್ಲ, ನಿಜ ಹೇಳಬೇಕೆಂದರೆ ಹೆಚ್ಚು ಬೇಡ ಅನ್ನಲಿಲ್ಲ. ಆಮೇಲೆ ಪರೀಕ್ಷೆಗಳು ಬಂದವು, ಉತ್ತರಪತ್ರಿಕೆಗಳ ಕಂತೆ ಬಂತು, ಮೈಸೂರಿನಿಂದ ಅತ್ತೆ ಬಂದರು. ವಾರಿಜಕ್ಕನಿಗೆ ಫೋನು ಮಾಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಶಾಲೆಯಿಂದ ನಾಲ್ಕನೇ ಬೀದಿಯ ಮೇಲೆ ಬರುತ್ತಿದ್ದೆ. ಮಾಮಿಯ ಕಾಂಪೌಂಡಿನೊಳಗಿಂದ ಬೊಬ್ಬೆ ಕೇಳಿಸಿತು: "ಪೈಪು ನಿಲ್ಲಿಸಿ ಮಾರಾಯ್ರೆ! ಗಿಡ ಎಂತ, ಎಮ್ಮೆಯಾ?" ಇಣುಕಿದರೆ ವಾರಿಜಕ್ಕ ಪುಟ್ಟ ಮಣೆಯ ಮೇಲೆ ಕೂತು, ಮೊಣಕೈವರೆಗೆ ಕೆಸರು ಮಾಡಿಕೊಂಡು ಮಲ್ಲಿಗೆಯ ಬುಡ ಬಿಡಿಸುತ್ತಿದ್ದಾರೆ. ಮಾಮಿ ಪಕ್ಕದಲ್ಲಿ ನಿಂತು ಬೈಸಿಕೊಳ್ಳುತ್ತಿದ್ದಾರೆ. ಶಾಲು ಹೊದಿಸಿದ ಮರುದಿನವೇ ಮಾಮಿ ಫ್ಲ್ಯಾಟಿಗೆ ಹೋಗಿ, ಆ ಗುಲಾಬಿ ಕುಂಡ ಅಲ್ಲಿ ಬಿದ್ದಿರುವುದನ್ನು ನೋಡಿ, "ಇದನ್ನ ನಮ್ಮನೇಲಿ ಇಟ್ಕೋತೀನಿ. ಆದ್ರೆ ನನಗೆ ನೋಡ್ಕೊಳ್ಳೋಕೆ ಬರಲ್ಲ, ನೀವೇ ಬರ್ಬೇಕು," ಎಂದು ಆಟೋ ತಂದು ಕರೆದುಕೊಂಡು ಹೋಗಿದ್ದರಂತೆ. ಅಂದಿನಿಂದ ವಾರಕ್ಕೆ ಮೂರು ದಿನ ಹೀಗೇ.

"ಬಾ ಬಾ, ಜಡ್ಜಮ್ಮ ಬಂದಳು," ಎಂದು ವಾರಿಜಕ್ಕ ನನ್ನ ಕಿವಿಯ ಕಡೆ ನೋಡಿ ನಕ್ಕರು. ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. ನಾನೇ ಪರೀಕ್ಷೆ, ಅತ್ತೆ ಅಂತ ತೊದಲಿದೆ. "ಇರ್ತದೆ, ಇರ್ತದೆ," ಅಂದರು. ಅವರನ್ನು ನೋಡಿದ್ದು ಅದೇ ಕೊನೆ. ಮಳೆಗಾಲದಲ್ಲಿ ಜ್ವರ ಬಂದು, ನಾಲ್ಕೇ ದಿನಕ್ಕೆ ಹೋಗಿಬಿಟ್ಟರು.

ಹದಿಮೂರನೇ ದಿನದ ಊಟಕ್ಕೆ ಸುಜಾತ ಕರೆದಿದ್ದಳು. ಎಲೆಯ ಮುಂದೆ ಮಾಮಿ ನನ್ನ ಪಕ್ಕ ಕೂತರು. ಅವರ ಕಣ್ಣು ಊದಿಕೊಂಡಿತ್ತು. ಅನ್ನ ಕಲಸುತ್ತ, ಯಾವ ಕುಹಕವೂ ಇಲ್ಲದೆ, ನೆನಪು ಹಂಚಿಕೊಳ್ಳುವ ಆಸೆಯಿಂದ ಕೇಳಿದರು:

"ನಿಮ್ಮ ಮನೇಲೂ ಬಾಲ್ಕನಿ ತುಂಬ ಕುಂಡ ಇದೆಯಂತಲ್ಲ ಟೀಚರ್? ವಾರಿಜಾ ಹೇಳ್ತಿದ್ರು. ಅಲ್ಲಿಗೆ ಬಂದ್ರೆ ಎಷ್ಟು ಹೊತ್ತು ಕೂರ್ತಿದ್ರು?"

ಹೌದು, ಹನ್ನೊಂದು ಕುಂಡ. ಅವರಿಂದ ಕಲಿತೇ ಇಟ್ಟದ್ದು. ಫ್ಲ್ಯಾಟಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ.

"ಅವರು ಒಂದು ಸಲವೂ ಬಂದಿಲ್ಲ ಮಾಮಿ," ಅಂದೆ. "ನಾನು ಕರೆದೇ ಇರಲಿಲ್ಲ."

ಮಾಮಿ ಬಡಿಸುವವನನ್ನು ಕರೆದು ನನ್ನ ಎಲೆಗೆ ಪಾಯಸ ಹಾಕಿಸಿದರು.