ಬೆಳ್ಳಗಾದ ಅಡುಗೆ ಕಟ್ಟೆ

ಕಾಚಬಿಂದು, ಅಂದರೆ ಗ್ಲಾಕೋಮಾದಿಂದ ಅತ್ತೆಯ ದೃಷ್ಟಿ ಮಂದವಾದ ವರ್ಷ, ಗೋಪನಕೊಪ್ಪದ ನಮ್ಮ ಮನೆಯಲ್ಲಿ ಅಡುಗೆ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ನನ್ನ ಕೈಯ ಸಾರನ್ನು ಯಾರೂ ಹೊಗಳಿದ್ದಿಲ್ಲ. ಅತ್ತೆ ಪಡಸಾಲೆಯಲ್ಲಿ ಕೂತು, ಒಗ್ಗರಣೆಯ ವಾಸನೆಯಿಂದಲೇ “ಸಾಸಿವಿ ಸೀದುವು ನೋಡವಾ” ಎನ್ನುತ್ತಿದ್ದರು.

ಅವರನ್ನು ಒಲೆಯ ಹತ್ತಿರ ಬಿಡಬಾರದೆಂದು ಹಟ ಹಿಡಿದವಳು ನನ್ನ ನಾದಿನಿ. ನಮ್ಮ ಅಡುಗೆ ಕಟ್ಟೆಗೆ ಹಾಸಿದ್ದು ಹಳೆಯ ಕಡಪಾ ಕಲ್ಲು, ಕಪ್ಪು. ಅದರ ಮೇಲೆ ಇಳಿಸಿಟ್ಟ ಕಾದ ಹಂಚು ಕಾಣದೆ ಅತ್ತೆ ಕೈಯೂರಿ ಅಂಗೈ ಸುಟ್ಟುಕೊಂಡಿದ್ದರು. ಧಾರವಾಡದ ಕಣ್ಣಿನ ಡಾಕ್ಟರರ ಮುಂದೆ ಇದನ್ನು ಹೇಳಿದಾಗ ಅವರು, “ಕರೀದರ ಮ್ಯಾಲೆ ಕರೀದು ಇಟ್ಟರ ಅವರಿಗೆ ಹೆಂಗ ಕಾಣಬೇಕ್ರಿ? ತಿಳಿ ಬಣ್ಣದ ಮ್ಯಾಲೆ ಇಟ್ಟು ನೋಡ್ರಿ” ಎಂದರು.

ಕಲ್ಲು ಬದಲಿಸಬೇಕೆಂದರೆ ಗೋಡೆಯ ಟೈಲ್ಸು, ಕೆಳಗಿನ ಪೈಪು ಎಲ್ಲ ಒಡೆಯಬೇಕು ಎಂದ ಗೌಂಡಿ. ಅತ್ತೆ ಒಪ್ಪಲಿಲ್ಲ. “ನನ್ನ ಕೈಗೆ ಗುರ್ತಿರೂ ಕಟ್ಟಿ ಅದು, ಒಡೀಬ್ಯಾಡ್ರಿ.” ಹಾಗಿದ್ದರೆ ಬಣ್ಣ ಹಚ್ಚೋಣ ಎಂದೆ ನಾನು.

“ಕಲ್ಲಿಗೆ ಯಾರರ ಬಣ್ಣಾ ಹಚ್ತಾರೇನು?” ಎಂದು ನಕ್ಕರು ನನ್ನ ಗಂಡ.

ಅವರ ನಗುವಿಗೆ ಕಾರಣವೂ ಸಿಕ್ಕಿತು. ಮನೆಯಲ್ಲಿದ್ದ ಆಯಿಲ್ ಪೇಂಟನ್ನೇ ಬಳಿದೆ. ಬಿಸಿ ಕುಕ್ಕರ್ ಇಟ್ಟದ್ದೇ ತಡ, ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ನನಗೂ ಛಲ ಹುಟ್ಟಿತು. ದಸರೆಯ ರಜೆ ಶುರುವಾದ ಕೂಡಲೇ ಒಲೆಯನ್ನು ಹಿತ್ತಲಿಗೆ ಸಾಗಿಸಿ, ಹಚ್ಚಿದ್ದ ಬಣ್ಣವನ್ನೆಲ್ಲ ಕೆರೆದು, ಕಲ್ಲನ್ನು ಉಸುಕಿನ ಕಾಗದದಿಂದ ಉಜ್ಜಿ ಒರಟು ಮಾಡಿದೆ. ಬಣ್ಣ ಹಿಡಿಯುವಂಥ ಪ್ರೈಮರ್ ತಂದು ಬಳಿಯಲು ಕೂತಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

“ರೊಟ್ಟಿ ಬಡಿಯೂ ಜಾಗಾ ಕರೀದs ಬಿಡವಾ. ಹಿಟ್ಟೂ ಬೆಳ್ಳಗ, ಕಟ್ಟೀನೂ ಬೆಳ್ಳಗ ಆದ್ರ ನನಗ ರೊಟ್ಟಿ ಕಾಣಬೇಕಲ್ಲ?”

ಅಡುಗೆಗೆ ಮರಳುವ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವರು ಆಗಲೇ ರೊಟ್ಟಿಯ ತನಕ ಹೋಗಿದ್ದರು! ಒಲೆಯ ಬಲಕ್ಕೆ ಒಂದು ಚೌಕವನ್ನೂ, ಕಟ್ಟೆ ಎಲ್ಲಿ ಮುಗಿಯುತ್ತದೆಂದು ತಿಳಿಯಲು ಮುಂದಿನ ಅಂಚನ್ನೂ ಕಪ್ಪಾಗಿಯೇ ಉಳಿಸಿದೆ.

ಬಿಳಿ ಬಣ್ಣ ಒಣಗಿದ ಮೇಲೆ ಅತ್ತೆಯನ್ನು ಕರೆದೆ. ಅವರು ಕಣ್ಣು ಕಿರಿದು ಮಾಡಿ, “ಬಿಸಲಾಗ ನಿಂತಂಗ ಆಗ್ತೈತಿ. ಕಣ್ಣು ಕುಕ್ಕತೈತಿ” ಎಂದರು. ಬರೀ ಬಿಳುಪು ಸಾಲದು, ಅದನ್ನು ಅಮೃತಶಿಲೆಯಂತೆ ತುಸು ಮಂಕಾಗಿಸಬೇಕಿತ್ತು. ಸ್ಪಂಜನ್ನು ಬೂದು ಬಣ್ಣದಲ್ಲಿ ಅದ್ದಿ ಮೋಡದಂತೆ ಒತ್ತಿದೆ. ಪಾರಿವಾಳದ ಗರಿಯಿಂದ ಸಣ್ಣ ಎಳೆಗಳನ್ನು ಎಳೆದು, ಹಸಿ ಇರುವಾಗಲೇ ನೀರು ಚಿಮುಕಿಸಿ ಮಸುಕು ಮಾಡಿದೆ. ಬೆನ್ನು ಸೆಟೆದು ಹೋಗಿತ್ತು, ಆದರೆ ಎದ್ದು ದೂರದಿಂದ ನೋಡಿದಾಗ ನನ್ನ ಕೈಕೆಲಸ ನನಗೇ ಕಲ್ಲಾಗಿ ಕಂಡಿತು. ಅದರ ಮೇಲೆ ಬಿಸಿ ತಡೆಯುವ, ಹೊಳಪಿಲ್ಲದ ಪಾರದರ್ಶಕ ಲೇಪ ಹಚ್ಚಿ, ಪೂರ್ತಿ ಗಟ್ಟಿಯಾಗುವವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ.

ಆಮೇಲೆ ಹಂಚು, ಚಾಕು, ಸೌಟುಗಳನ್ನು ಕಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟೆ. ಅತ್ತೆ ತಡಕಾಡದೆ, ನೇರ ಕೈ ಚಾಚಿ ಒಂದೊಂದನ್ನೇ ಎತ್ತಿಕೊಂಡರು. ಚಾಕುವನ್ನು ಹಿಡಿಕೆಯಲ್ಲೇ ಹಿಡಿದರು. ನನ್ನ ಗಂಡ ತಾಯಿಯ ಹೆಗಲ ಮೇಲೆ ಕೈಯಿಟ್ಟರು.

ಮುಂದಿನ ರವಿವಾರ ನಾದಿನಿ ಉಪ್ಪಿನಬೆಟಗೇರಿಯಿಂದ ಬಂದಳು. ಅಡುಗೆಮನೆಯಿಂದ ಟಪಟಪ ಸದ್ದು ಕೇಳಿ, ಹೊಸ್ತಿಲಲ್ಲೇ ನನ್ನನ್ನು ಕೂಗಿದಳು: “ವೈನಿ, ರೊಟ್ಟಿ ಬಡಿಯೂದು ಯಾವಾಗ ಕಲ್ತ್ರಿ?”

“ನಾ ಇಲ್ಲೇ ಅದೀನ್ರಿ” ಎಂದೆ ಪಡಸಾಲೆಯಿಂದ.

ಅವಳು ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಅತ್ತೆ ಕಪ್ಪು ಚೌಕದ ಮೇಲೆ ರೊಟ್ಟಿ ತಿರುಗಿಸುತ್ತಿದ್ದರು. ನಾದಿನಿ ಕಟ್ಟೆಯನ್ನು ಸವರಿ, “ಇದು ಯಾವ ಊರಿನ ಕಲ್ಲವ್ವಾ?” ಎಂದು ಕೇಳಿದಳು.

“ನಮ್ಮ ಮನಿ ಕಲ್ಲs” ಎಂದರು ಅತ್ತೆ, ರೊಟ್ಟಿಯನ್ನು ಹಂಚಿಗೆ ಹಾಕುತ್ತ. “ನನ್ನ ಸೊಸಿ ಬರದದ್ದು. ನಿಲ್ಲಬ್ಯಾಡ, ತಾಟು ಹಾಕು. ರೊಟ್ಟಿ ಆರಿ ಹೋಗ್ತಾವು.”

ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. ಆ ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿಗಳನ್ನು ನಾನು ಹೊಟ್ಟೆ ಬಿರಿಯುವಂತೆ ಉಂಡೆ.