ಬಿಲ್ಡಿಂಗ್ ಸೇಫ್, ಶೆಡ್ಡಿನ ಮಾತು ಬಿಡಿ

ಚಪ್ಪಾಳೆಯ ಸದ್ದಿನಲ್ಲಿ ಒಂದು ‘ಆದರೆ’ ಮುಳುಗಿಹೋಗುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ಕಳೆದ ಭಾನುವಾರ ನೋಡಿದೆ. ನಮ್ಮದೇ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ.

“ನಿಮ್ಮ ಬಿಲ್ಡಿಂಗ್ ಕೆಳಗೆ ಗಟ್ಟಿ ನೆಲ ಇದೆ, ಭಯ ಬೇಡ. ಆದರೆ...” ಎಂದರು ಸರ್ವೆ ಮಾಡಿದ್ದ ಎಂಜಿನಿಯರ್ ಶ್ರೀಧರ್. ಅಷ್ಟಕ್ಕೇ ಚಪ್ಪಾಳೆ. ನಮ್ಮ ಅಸೋಸಿಯೇಷನ್ ಸೆಕ್ರೆಟರಿ ನಾಗರಾಜ್ ಅಂಕಲ್ ಅಂತೂ ಎದ್ದು ನಿಂತು ಬೋಂಡಾ ತಟ್ಟೆಗಳನ್ನು ಸಾಲಿಗೆ ಬಿಟ್ಟೇಬಿಟ್ಟರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾವಿರುವುದು ಜೆ.ಪಿ. ನಗರದಲ್ಲಿ. ಪಕ್ಕದ ಸೈಟಿನವರು ಬೇಸ್‌ಮೆಂಟಿಗೆಂದು ನೆಲ ಅಗೆಸಿದರು, ನಮ್ಮ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿತು. ಅದೇ ವಾರ ಯಾರೋ ಒಬ್ಬರು, “ಇದೆಲ್ಲ ಮೊದಲು ಕೆರೆ ಆಗಿತ್ತಂತೆ” ಎಂದು ಒಂದು ಮಾತು ಬಿಟ್ಟರು. (ನಮ್ಮ ಕಡೆ ಯಾವ ಲೇಔಟು ಮೊದಲು ಕೆರೆ ಆಗಿರಲಿಲ್ಲ, ಹೇಳಿ?) ಫ್ಲ್ಯಾಟ್ ಮಾರಲು ಹೊರಟಿದ್ದವರ ನಿದ್ದೆ ಹಾರಿಹೋಯಿತು. ಕೊನೆಗೆ ಎಲ್ಲರೂ ಸೇರಿ ನೆಲ ಪರೀಕ್ಷೆ ಮಾಡಿಸುವುದೆಂದು ತೀರ್ಮಾನವಾಯಿತು.

ಶ್ರೀಧರ್ ಬಂದರು. ದೊಡ್ಡ ಮೆಷಿನ್ನು ಬರುತ್ತದೆಂದು ಬಾಲ್ಕನಿಯಲ್ಲಿ ಕಾದವರಿಗೆ ನಿರಾಸೆ. ಅವರು ತಂದದ್ದು ಒಂದು ದಪ್ಪ ಸುತ್ತಿಗೆ, ಒಂದು ಕಬ್ಬಿಣದ ಪ್ಲೇಟು, ಉದ್ದನೆಯ ಕೇಬಲ್ಲು, ಅದಕ್ಕೆ ಸಾಲಾಗಿ ಸಿಕ್ಕಿಸಿದ ಪುಟ್ಟ ಸೆನ್ಸರ್‌ಗಳು ಮತ್ತು ಒಂದು ಲ್ಯಾಪ್‌ಟಾಪ್. ಸೆನ್ಸರ್‌ಗಳನ್ನು ಮಣ್ಣಿಗೆ ಚುಚ್ಚಿ, ಪ್ಲೇಟಿನ ಮೇಲೆ ಸುತ್ತಿಗೆಯಿಂದ ಬಡಿದರೆ ನೆಲದೊಳಗೆ ಅಲೆ ಹೊರಡುತ್ತದೆ. ಭೂಕಂಪದ ಅಲೆಯ ಜಾತಿಯೇ, ಸೈಜು ಮಾತ್ರ ಚಿಕ್ಕದು. ಆ ಅಲೆ ಯಾವ ಸೆನ್ಸರ್‌ಗೆ ಯಾವಾಗ ಮುಟ್ಟಿತು ಎಂದು ನೋಡಿ ಕೆಳಗೇನಿದೆ ಎಂಬ ಚಿತ್ರ ಬಿಡಿಸುತ್ತಾರಂತೆ.

ಅಂತೆ ಎಂದರೆ ನಾನು ಸುಮ್ಮನಿರುವವಳಲ್ಲ (ಕಾಲೇಜಿನ ಡಿಬೇಟ್ ಚಟ). ಹೋಗಿ ಎದುರು ನಿಂತೆ. “ಸಾರ್, ತೆಂಗಿನಕಾಯಿ ಹಿಡ್ಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸೋರಿಗೂ ನಿಮಗೂ ಏನು ವ್ಯತ್ಯಾಸ?”

ಅವರು ಸಿಟ್ಟಾಗಲಿಲ್ಲ. “ಬನಶಂಕರಿಯಿಂದ ಬಿಟಿಎಂಗೆ ಹೋಗ್ಬೇಕು ಮೇಡಂ. ಜಯನಗರದ ಒಳಗೆ ಸಿಗ್ನಲ್ ಸಿಗ್ನಲ್‌ಗೂ ನಿಂತು ಹೋಗೋನು ಮೊದಲು ಮುಟ್ತಾನೋ, ಕೆಳಗಿಳಿದು ರಿಂಗ್ ರೋಡ್ ಹಿಡಿದೋನೋ?”

“ರಿಂಗ್ ರೋಡೋನು.”

“ಅಷ್ಟೇ. ಮೇಲಿನ ಮಣ್ಣಲ್ಲಿ ಅಲೆ ನಿಧಾನ, ಕೆಳಗಿನ ಬಂಡೇಲಿ ಸ್ಪೀಡು. ದೂರದ ಸೆನ್ಸರ್‌ಗೆ ಬಂಡೆಗಿಳಿದು ಬಂದ ಅಲೆನೇ ಮೊದಲು ಬರುತ್ತೆ. ಎಲ್ಲೋ ಒಂದು ಕಡೆ ಮಾತ್ರ ಲೇಟಾಯ್ತು ಅಂದ್ರೆ, ಅಲ್ಲಿ ಕೆಳಗೆ ಏನೋ ಸಡಿಲ ಇದೆ ಅಂತ.”

“ನಿಮ್ಮ ಲೆಕ್ಕವೇ ತಪ್ಪಿದ್ರೆ?”

“ಅದಕ್ಕೇ ಆ ತುದಿಯಿಂದನೂ ಬಡೀತೀವಿ. ಎರಡೂ ತಾಳೆ ಆಗ್ಬೇಕು.”

ತನ್ನ ವಾದವನ್ನು ತಾನೇ ಎದುರು ಕಡೆಯಿಂದ ಬಡಿದು ನೋಡುವ ಮನುಷ್ಯ! ಪಕ್ಕಕ್ಕೆ ಸರಿದು ದಾರಿ ಬಿಟ್ಟೆ (ಅಪರೂಪ).

ಸುತ್ತಿಗೆ ಎತ್ತಲು ನಮ್ಮ ವಾಚ್‌ಮನ್ ಬಸಪ್ಪನನ್ನೇ ಕರೆದರು. ಬಸಪ್ಪ ಬಾಗಲಕೋಟೆ ಕಡೆಯವನು. ಗೇಟಿನ ಮೂಲೆಯಲ್ಲಿ ಶೀಟು ಹೊದಿಸಿದ ಪುಟ್ಟ ರೂಮಿನಲ್ಲಿ ಹೆಂಡತಿ ಶಾಂತವ್ವ ಮತ್ತು ಕೈಗೂಸಿನ ಜೊತೆ ಅವನ ಸಂಸಾರ. ಅವನು ಬಡಿಯುವಾಗ ಯಾರೂ ಓಡಾಡುವಂತಿಲ್ಲ, ಪಂಪ್ ಹಾಕುವಂತಿಲ್ಲ. ಗ್ರೌಂಡ್ ಫ್ಲೋರಿನ ಆಂಟಿ ಗ್ರೈಂಡರ್ ಹಾಕಿದ್ದೂ ಲ್ಯಾಪ್‌ಟಾಪಿನಲ್ಲಿ ನಡುಗಿತು. “ಆಂಟೀ, ದೋಸೆ ಹಿಟ್ಟು ಆಮೇಲೆ!” ಎಂದು ನಾನೇ ಕೂಗಿದೆ.

ಇನ್ನೊಂದು ಸಂಗತಿ. ಆಳ ನೋಡಬೇಕಾದರೆ ಸೆನ್ಸರ್‌ಗಳ ಸಾಲು ಅದಕ್ಕಿಂತ ಎಷ್ಟೋ ಉದ್ದ ಇರಬೇಕಂತೆ. ಬಿಲ್ಡಿಂಗಿನ ಪಕ್ಕದ ಜಾಗ ಸಾಲಲಿಲ್ಲ. ಸಾಲು ಮುಂದುವರಿದು ಬಸಪ್ಪನ ರೂಮಿನ ಗೋಡೆಗೆ ತಾಗಿಕೊಂಡು ಗೇಟಿನವರೆಗೆ ಹೋಯಿತು. ಬರೀ ಉದ್ದಕ್ಕಾಗಿ. ಆ ರೂಮಿನ ಕೆಳಗೆ ಏನಿದೆ ಎಂದು ಯಾರೂ ಕೇಳಿರಲೇ ಇಲ್ಲ.

ಈಗ ಮೀಟಿಂಗಿಗೆ ಬನ್ನಿ. ಚಪ್ಪಾಳೆ ನಿಂತ ಮೇಲೆ ಶ್ರೀಧರ್ ತಮ್ಮ ‘ಆದರೆ’ಯನ್ನು ಮತ್ತೆ ಎತ್ತಿಕೊಂಡರು. ಲ್ಯಾಪ್‌ಟಾಪಿನಲ್ಲಿ ತೋರಿಸಿದ ನೆಲದ ಚಿತ್ರದ ಕೊನೆಯಲ್ಲಿ, ಗೇಟಿನ ಮೂಲೆಯಲ್ಲಿ, ಸಡಿಲ ಮಣ್ಣಿನ ಬಣ್ಣ ಧಡಕ್ಕನೆ ಕೆಳಗಿಳಿದಿತ್ತು. “ಇಲ್ಲಿ ಮಾತ್ರ ಅಲೆ ತುಂಬಾ ಲೇಟು. ಎರಡೂ ಕಡೆಯಿಂದ ಬಡಿದಾಗಲೂ ಹಾಗೇ ಬಂತು. ಕಸ, ಕಲ್ಲು ತುಂಬಿ ಮುಚ್ಚಿದ ಹಳೇ ಬಾವಿ ಇರಬಹುದು. ಪಕ್ಕದಲ್ಲಿ ಅಗೆದಿದ್ದಾರೆ, ಮಳೆ ಬೇರೆ ಶುರುವಾಗಿದೆ. ಅಗೆದು ನೋಡಿ ಸರಿ ಮಾಡೋ ತನಕ ಅದರ ಮೇಲೆ ಯಾರೂ ಇರೋದು ಬೇಡ.”

ನಾಗರಾಜ್ ಅಂಕಲ್ ತಟಕ್ಕನೆ ಎದ್ದರು. “ಅಯ್ಯೋ ದೇವ್ರೇ! ನನ್ನ ಕಾರು ಅಲ್ಲೇ ಇದೆಯಲ್ರೀ!”

ಓಡಿದರು. ಅವರ ಹಿಂದೆ ಇನ್ನಿಬ್ಬರು. ಗೇಟಿನ ಮೂಲೆಯಲ್ಲಿದ್ದ ಕಾರುಗಳೆಲ್ಲ ಜಾಗ ಬದಲಿಸಿದವು. ವಾಪಸು ಬಂದರು, ಬೆವರು ಒರೆಸಿಕೊಂಡರು, ಬೋಂಡಾ ತಿಂದರು. “ನೆಕ್ಸ್ಟ್ ಪಾಯಿಂಟು, ವಾಟರ್ ಟ್ಯಾಂಕರ್,” ಎಂದರು ಅಂಕಲ್.

ನಾನು ಕಾದೆ. ಯಾರಾದರೂ ಹೇಳುತ್ತಾರೆ ಎಂದು ಕಾದೆ. ಯಾರೂ ಹೇಳಲಿಲ್ಲ.

“ಅಂಕಲ್, ಬಸಪ್ಪನ ರೂಮು?”

“ಅದು ಬಿಲ್ಡಿಂಗ್ ಅಲ್ಲಮ್ಮ, ಶೆಡ್ಡು.”

ಡಿಬೇಟುಗಳಲ್ಲಿ ನಾನು ಕೇಳದ ಕುತರ್ಕವಿಲ್ಲ ಎಂದುಕೊಂಡಿದ್ದೆ. “ಶೆಡ್ಡೊಳಗೆ ಜನ ಇದ್ದಾರಲ್ಲ ಅಂಕಲ್?”

“ಶೀಟಿನ ರೂಮು ಕಣಮ್ಮ. ನೆಲಕ್ಕೆ ಭಾರಾನೇ ಇಲ್ಲ.”

“ಹಾಗಾದ್ರೆ ನೀವೊಂದು ರಾತ್ರಿ ಅಲ್ಲಿ ಮಲ್ಗಿ.”

“ಏಯ್, ದೊಡ್ಡೋರ ಹತ್ರ ಮಾತಾಡೋ ರೀತಿನಾ ಇದು?” ಹಿಂದಿನಿಂದ ಒಬ್ಬರು ಗದರಿದರು.

“ಸರಿ, ರಿಪೇರಿ ಆಗೋ ತನಕ ಅವರಿಗೆ ಈ ಹಾಲ್ ಕೊಡಿ. ಖಾಲಿ ಬಿದ್ದಿರುತ್ತೆ.”

“ಹಾಲ್ ಮೆಂಬರ್‌ಗಳ ಫಂಕ್ಷನ್‌ಗೆ ಮಾತ್ರ. ಬೈಲಾ ಇದೆ.”

ಕೈ ಎತ್ತಿಸಿದರು. ನನ್ನ ಕಡೆಗೆ ಎದ್ದದ್ದು ನನ್ನ ಕೈ, ಅಮ್ಮನ ಕೈ. ಅಷ್ಟೇ.

ಇವರು ಕೆಟ್ಟವರೇ? ಅದೇ ನನ್ನ ಗಾಬರಿ. ಬಸಪ್ಪನಿಗೆ ಕಾಮಾಲೆ ಆದಾಗ ಆಸ್ಪತ್ರೆಗೆ ಕರೆದೊಯ್ದದ್ದು ಇದೇ ನಾಗರಾಜ್ ಅಂಕಲ್. ಕೂಸಿಗೆ ಸ್ವೆಟರ್ ಹೆಣೆದುಕೊಟ್ಟದ್ದು ಆ ಗ್ರೈಂಡರ್ ಆಂಟಿ. ಕೆಟ್ಟವರಾಗಿದ್ದರೆ ಜಗಳವಾಡಿ ನಿದ್ದೆ ಮಾಡುತ್ತಿದ್ದೆ. ಒಳ್ಳೆಯವರು ಇಷ್ಟು ಸಲೀಸಾಗಿ ಟ್ಯಾಂಕರ್ ವಿಷಯಕ್ಕೆ ಹೋಗಿಬಿಟ್ಟರಲ್ಲ!

ಕೆಳಗೆ ಹೋಗಿ ಬಸಪ್ಪನಿಗೆ ಹೇಳಿದೆ. ಅವನಿಗೆ ಆಗಲೇ ಗೊತ್ತಿತ್ತು.

“ಆ ಇಂಜಿನಿಯರ್ ಸಾಹೇಬ್ರು ಹೇಳ್ಯಾರ್ರಿ ಅಕ್ಕಾರ. ನೀವು ಮ್ಯಾಲೆ ಜೋರ್ ಮಾಡಬ್ಯಾಡ್ರಿ. ಖೋಲಿ ಕೆಡವಿದ್ರ ನನ್ನ ಬಿಡಿಸಿ ಒಂಟಿ ಮನಶಾನ್ನ ಇಟ್ಕೋತಾರ. ಕೂಸಿನ್ನ ಕಟ್ಕೊಂಡು ಎಲ್ಲಿ ಹೋಗೂಣು?”

ನಾನು ಯಾರ ಪರವಾಗಿ ವಾದಿಸಿದ್ದೆನೋ ಅವನೇ ವಾದ ನಿಲ್ಲಿಸು ಎಂದು ಕೈ ಮುಗಿಯುತ್ತಿದ್ದ. ಒಳಗಿನಿಂದ ಶಾಂತವ್ವ ಅಂದಳು, “ತೊಟ್ಲಾ ಆ ಮೂಲಿಯಿಂದ ಈ ಮೂಲಿಗೆ ಸರಿಸೇನ್ರಿ.” ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ರೂಮು ಅದು. ಅವಳಿಗೆ ಸರಿಸಲು ಇದ್ದ ಜಾಗವೇ ಅಷ್ಟು.

ಬೈಲಾ ಇದೆ ಎಂದರಲ್ಲ? ಓದಿದೆ. ಮೆಂಬರ್‌ಗಳು ತಮ್ಮ ಮನೆಯ ಸಮಾರಂಭಕ್ಕೆ, ತಮ್ಮ ಅತಿಥಿಗಳಿಗಾಗಿ ಹಾಲ್ ಬುಕ್ ಮಾಡಬಹುದು. ಎಷ್ಟು ದಿನ ಎಂದು ಎಲ್ಲೂ ಬರೆದಿಲ್ಲ. ಮರುದಿನವೇ ಅಮ್ಮನ ಹೆಸರಿನಲ್ಲಿ ಬುಕ್ ಮಾಡಿದೆ. ಸಮಾರಂಭ: ಗೃಹಪ್ರವೇಶ. ಅತಿಥಿಗಳು: ಬಸಪ್ಪ ದಂಪತಿ ಮತ್ತು ಮಗು. ರೂಮು ಕೆಡವುವ ಮಾತಿಲ್ಲ, ನೀವು ಅಮ್ಮನ ಅತಿಥಿಗಳು ಅಷ್ಟೇ ಎಂದ ಮೇಲೆ ಬಸಪ್ಪನೂ ಒಪ್ಪಿದ. ಅಮ್ಮ ನಿಜವಾಗಿಯೂ ಪಾಯಸ ಮಾಡಿ ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಬಸಪ್ಪ ಗೇಟಿನಲ್ಲಿ ಡ್ಯೂಟಿ ಎಂದಿನಂತೆ ಮಾಡುತ್ತಾನೆ, ಮೂವರೂ ಮಲಗುವುದು ಮಾತ್ರ ಮೇಲೆ, ಪಾರ್ಟಿ ಹಾಲಿನಲ್ಲಿ.

ಇವತ್ತು ಬೆಳಿಗ್ಗೆ ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದಾರೆ. ಭಾನುವಾರ ತುರ್ತು ಮೀಟಿಂಗ್. ವಿಷಯ ಒಂದೇ: ಪಾರ್ಟಿ ಹಾಲಿನ ದುರುಪಯೋಗ.

ಬಾವಿಯ ಮೀಟಿಂಗಿಗೆ ಯಾವ ಭಾನುವಾರ ಇಟ್ಟಿದ್ದೀರಿ, ಅಂಕಲ್?