ರೇಷ್ಮೆ ಹುಳುವಿನ ಸೊಪ್ಪು ನನಗೆ ಹಾಸಿಗೆಯಾದದ್ದು

ಸಭೆಯ ಸೇವೆಗೆಂದು ಗಂಡನ ಜೊತೆ ಊರಿಂದೂರಿಗೆ ಪಾತ್ರೆಪಗಡ ಹೊತ್ತು ತಿರುಗುವ ನನ್ನ ಅಕ್ಕತಂಗಿಯರೇ, "ಈ ಊರಲ್ಲಿ ನನ್ನಿಂದ ಏನಾಯಿತು?" ಎಂದು ನಿಮ್ಮಲ್ಲಿ ಯಾರಿಗಾದರೂ ಬೇಸರ ಬಂದಿದ್ದರೆ ಇದನ್ನು ಓದಿ. ನನಗೂ ಬಂದಿತ್ತು. ಬರೀ ಬೇಸರವಲ್ಲ, ಸಿಟ್ಟೇ ಬಂದಿತ್ತು.

ಈಗ್ಗೆ ಹತ್ತು ವರ್ಷದ ಹಿಂದೆ, ಐವತ್ತರ ದಶಕದ ಕೊನೆ. ನಮ್ಮವರು ಕ್ರೈಸ್ತ ಸಭೆಯ ಉಪದೇಶಿಗಳಾಗಿ ದಿಬ್ಬೂರಹಳ್ಳಿಗೆ ಹತ್ತಿರದ ಒಂದು ಹಳ್ಳಿಗೆ ಬಂದಿದ್ದರು. ಗಂಡಸರ ನಡುವಿನ ಸೇವೆ ಅವರದು, ಹೆಂಗಸರ ನಡುವಿನದು ನನ್ನದು ಎಂದು ಹಂಚಿಕೊಂಡಿದ್ದೆವು. ಹೇಳುವುದು ಸುಲಭ. ಆ ಊರಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಇರುವ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಮೈಲಿಗೆಯಾಗುತ್ತದೆ, ಕಣ್ಣು ತಾಕುತ್ತದೆ, ಎಣ್ಣೆ ಹೂವಿನ ವಾಸನೆಗೆ ಹುಳು ಮೇಯುವುದನ್ನೇ ಬಿಡುತ್ತದೆ ಎನ್ನುತ್ತಿದ್ದರು. ಒಂದು ಬೆಳೆ ಮುಗಿದು ಹುಳುವಿನ ತಟ್ಟೆ ತೊಳೆದರೋ ಇಲ್ಲವೋ, ಇನ್ನೊಂದು ಬೆಳೆ. ನಾನು ಹೋಗಿ "ಅಕ್ಕಾ" ಎಂದರೆ ಒಳಗಿನಿಂದಲೇ, "ಹುಳ ಐತೆ ಕಣಮ್ಮಾ, ಆಮೇಲ್ ಬಾ" ಎಂಬ ಉತ್ತರ. ಆ "ಆಮೇಲೆ" ಮೂರು ವರ್ಷವಾದರೂ ಬರಲಿಲ್ಲ. ಕೊನೆಗೆ ಬೀದಿಯ ಬೇವಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತು, ನಾಲ್ಕು ಕೀರ್ತನೆ ಹಾಡಿ ಮನೆಗೆ ಬರುತ್ತಿದ್ದೆ. ಕೇಳಲು ನಾಯಿಗಳು ಮಾತ್ರ ತಪ್ಪದೆ ಬರುತ್ತಿದ್ದವು.

"ರೀ, ಸಭೆಯ ದೊಡ್ಡ ಅಯ್ಯನೋರಿಗೆ ಹೇಳಿ ಚಿಕ್ಕಬಳ್ಳಾಪುರಕ್ಕೋ ಚಿಂತಾಮಣಿಗೋ ಹಾಕಿಸ್ಕೊಳ್ಳಿ. ಇಲ್ಲಿ ಗೋರ್ಕಲ್ಲ ಮೇಲೆ ಮಳೆ ಸುರಿದಂಗಾಯ್ತು ನಮ್ ಕೆಲ್ಸ," ಎಂದು ನಮ್ಮವರ ತಲೆ ತಿನ್ನುತ್ತಿದ್ದೆ. "ಕೇಳ್ತೀನಿ ಬಿಡು," ಎಂದು ಅವರು ಬೈಸಿಕಲ್ ಹತ್ತಿ ಹೋಗಿಬಿಡುತ್ತಿದ್ದರು.

ಆಗ ನಾನು ತುಂಬಿದ ಬಸುರಿ. ಚೊಚ್ಚಲು ಮಗು ಹುಟ್ಟುವಾಗಲೇ ತೀರಿಹೋಗಿತ್ತು. ಇದಾದರೂ ಉಳಿಯಲಿ ಎಂಬುದೊಂದೇ ನನ್ನ ಪ್ರಾರ್ಥನೆಯಾಗಿತ್ತು. ಹೆರಿಗೆಗೆ ಇನ್ನೂ ದಿನವಿದೆ ಎಂದುಕೊಂಡು ನಮ್ಮವರು ಸಭೆಯ ಕೂಟಕ್ಕೆ ಗೌರಿಬಿದನೂರಿಗೆ ಹೋದರು. ತಿರುಗಿ ಬಂದ ಮೇಲೆ ನನ್ನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸುವುದೆಂದು ಮಾತಾಗಿತ್ತು. ಅವರು ಹೋದ ಮಾರನೆಯ ಬೆಳಗ್ಗೆಯೇ ನನಗೆ ನೋವು ಶುರುವಾಯಿತು.

ಒಲೆಯ ಮುಂದೆ ಕುಸಿದು ಕುಳಿತೆ. ಊರಲ್ಲಿದ್ದ ನಮ್ಮ ಸಭೆಯ ನಾಲ್ಕು ಮನೆಯವರೂ ಹೊಲದ ಕೆಲಸಕ್ಕೆ ಹೋಗಿದ್ದರು. ಊರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದವರು ಎದುರು ಮನೆಯ ಮುನಿಯಮ್ಮ. ಆದರೆ ಅವರ ಹುಳು ಕೊನೆಯ ಮೇವಿನಲ್ಲಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ, ಅಂದರೆ ಮೇಯುವುದು ಬಿಟ್ಟು, ಗೂಡು ಕಟ್ಟಬೇಕು. ಅಂಥ ಹೊತ್ತಿನಲ್ಲಿ ಹೆರಿಗೆ ಮನೆಯ ಸೂತಕ ಮುಟ್ಟಿದವರು ಹುಳುವಿನ ಹತ್ತಿರ ಸುಳಿಯುವಂತಿಲ್ಲ. ಆ ಮನೆಯ ಅನ್ನವೇ ಆ ಬೆಳೆ. ಯಾವ ಬಾಯಲ್ಲಿ ಕರೆಯಲಿ? "ಕರ್ತನೇ, ನಿನ್ನ ಕೆಲಸಕ್ಕೆಂದು ಈ ಊರಿಗೆ ಬಂದವಳು ನಾನು. ಈ ಮಗುವೂ ಹೋದರೆ ನಿನ್ನ ಸೇವೆಯೂ ಬೇಡ, ನೀನೂ ಬೇಡ," ಎಂದು ಅತ್ತೆ. ಹೌದು, ಹಾಗೆಯೇ ಅಂದೆ. ಮುಚ್ಚಿಟ್ಟುಕೊಂಡು ಸಾಕ್ಷಿ ಹೇಳಬಾರದು.

ಮುಂದಿನ ನೋವಿಗೆ ನನ್ನ ಕೂಗು ಬೀದಿ ದಾಟಿತು. ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು.

"ಅತ್ತೇ, ಹೋಗ್ಬ್ಯಾಡಿ! ಹುಳ ಹಣ್ಣಾಗೋ ಹೊತ್ತು!" ಎಂದು ಮುನಿಯಮ್ಮನ ಸೊಸೆ ಕೂಗಿಕೊಂಡಳು.

"ನೀನಿದೀಯಲ್ಲ, ನೋಡ್ಕೋ. ನಾನಿನ್ ಒಳಕ್ ಬರಲ್ಲ," ಎನ್ನುತ್ತಲೇ ಮುನಿಯಮ್ಮ ನನ್ನ ಮನೆಯೊಳಗೆ ಬಂದರು. ಹೊಟ್ಟೆ ಮುಟ್ಟಿ ನೋಡಿದವರ ಮುಖ ಇಳಿದುಹೋಯಿತು. "ಓ ದೇವುಡಾ! ಮಗು ಅಡ್ಡ ಬಿದ್ದೈತೆ ಕಣಮ್ಮಣ್ಣೀ. ಇದು ನನ್ ಕೈಲಾಗಲ್ಲ. ಆಸ್ಪತ್ರೆಗೇ ಹೋಗ್ಬೇಕು."

ಅಷ್ಟರಲ್ಲಿ ಅವರ ಮಗ ತೋಟದಿಂದ ಗಾಡಿ ತುಂಬ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಬಂದ. ಮುನಿಯಮ್ಮ ಬೀದಿಗೆ ಹೋಗಿ ಎತ್ತಿನ ಮೂಗುದಾರವನ್ನೇ ಹಿಡಿದು ನಿಲ್ಲಿಸಿದರು.

"ಗಾಡಿ ತಿರುಗಿಸೋ. ಈಯಮ್ಮನ್ನ ಇದರ ಮ್ಯಾಲೇ ಮಲಗಿಸ್ತೀನಿ."

"ಅವ್ವಾ, ಸೊಪ್ಪೆಲ್ಲ ಮೈಲಿಗೆ ಆಗ್ತೈತೆ! ಹುಳ ಹಸ್ಕೊಂಡವೆ!"

"ಸೊಪ್ಪು ಇಳಿಸ್ತಾ ಕುಂತ್ರೆ ಬಸ್ಸು ಹೊಂಟೋಗ್ತೈತೆ. ತಿರುಗ್ಸೋ ಅಂದ್ರೆ!"

ತಣ್ಣನೆಯ ಸೊಪ್ಪಿನ ಮೇಲೆ ಮಲಗಿ ದಿಬ್ಬೂರಹಳ್ಳಿಗೆ ಹೋದೆ. ಗಾಡಿ ಕುಲುಕಿದಾಗಲೆಲ್ಲ ಜೀವ ಹೋಗಿ ಬರುತ್ತಿತ್ತು. ಬಸ್ಸು ಹೊರಡುವುದರಲ್ಲಿತ್ತು. ಹಿಂದಿನ ಸೀಟಿನವರೆಲ್ಲ ಎದ್ದು ಜಾಗ ಬಿಟ್ಟುಕೊಟ್ಟರು. "ಶಿಡ್ಲಘಟ್ಟ ಬಿಟ್ರೆ ಎಲ್ಲೂ ನಿಲ್ಸಲ್ಲ. ನಡುವೆ ಇಳಿಯೋರು ಈಗ್ಲೇ ಇಳ್ಕೊಳ್ಳಿ," ಎಂದರು ಡ್ರೈವರ್ ಸಾಹೇಬರು. ಯಾರೂ ಗೊಣಗಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸನ್ನು ನಿಲ್ದಾಣಕ್ಕೆ ಒಯ್ಯದೆ ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದರು. ದಾರಿಯುದ್ದಕ್ಕೂ ಮುನಿಯಮ್ಮ ನನ್ನ ಕೈ ಬಿಟ್ಟಿರಲಿಲ್ಲ.

ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರಂತೆ. ಆಪರೇಷನ್ ಮಾಡಿದರು. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಮುನಿಯಮ್ಮನ ಮುಖ, ಆಮೇಲೆ ಅವರ ತೊಡೆಯ ಮೇಲಿದ್ದ ನನ್ನ ಮಗಳು. ಅತ್ತು ಅತ್ತು ಕೆಂಪಾಗಿದ್ದಳು. ಆ ಅಳುವನ್ನು ಕೇಳಿ ನನಗಾದ ಸಂತೋಷವನ್ನು ಇವತ್ತಿಗೂ ಬರೆಯಲಾರೆ.

"ಅಮ್ಮಾ, ನಿಮ್ಮ ಹುಳ?" ಎಂದೆ.

"ಹುಳ ಹೋದ್ರೆ ಇನ್ನೊಂದ್ ಬೆಳೆ ಇಕ್ತೀವಿ. ನೀನ್ ಹೋಗಿದ್ರೆ ಬರ್ತಿದ್ಯಾ?" ಎಂದರು. ಮಗುವನ್ನು ತಟ್ಟುತ್ತಾ, "ಮೂರು ವರ್ಷದಿಂದ ಕಟ್ಟೆ ಮ್ಯಾಲ್ ಕುಂತು ಹಾಡ್ತೀಯ. ಸೊಪ್ಪು ಹಾಕ್ತಾ ಅತ್ತೆ ಸೊಸೆ ಇಬ್ರೂ ಕೇಳಿಸ್ಕೋತೀವಿ. ನೀನ್ ಬರ್ದಿದ್ ದಿನ ಯಾಕೋ ಬರ್ಲಿಲ್ವಲ್ಲ ಅಂತೀವಿ. ನಿನ್ನೆ ನೀನ್ ಕೂಗಿದ್ದು ಹಾಡಲ್ಲ ಅಂತ ನಂಗೆ ತಿಳೀದೇ ಇರ್ತದಾ?" ಎಂದರು.

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ದೇವರು ಅದನ್ನು ನನ್ನ ಒಳ್ಳೆಯದಕ್ಕೇ ತೋರಿಸಿಕೊಟ್ಟನು. ಯಾರೂ ಕೇಳುವುದಿಲ್ಲವೆಂದು ಹಾಡು ನಿಲ್ಲಿಸುವ ತಂಗಿಯರೇ, ನಿಲ್ಲಿಸಬೇಡಿ. ನಮ್ಮ ಸೇವೆ ಎಲ್ಲಿಯವರೆಗೆ ಹೋಗಿ ಮುಟ್ಟಿದೆ ಎಂಬ ಲೆಕ್ಕ ನಮ್ಮ ಕೈಯಲ್ಲಿಲ್ಲ. ನಾವು ಊರಿಗೆ ಸೇವೆ ಮಾಡುತ್ತೇವೆಂದು ಬೀಗುತ್ತಿದ್ದರೆ, ಕರ್ತನು ಆ ಊರಿನಿಂದಲೇ ನಮಗೆ ಸೇವೆ ಮಾಡಿಸುತ್ತಾನೆ.

ಊರಿಗೆ ಮರಳಿದ ಮೇಲೆ ಇನ್ನೊಂದು ವಿಷಯ ತಿಳಿಯಿತು. ನನ್ನ ಗಾಡಿ ಹೋದ ಬೆನ್ನಿಗೇ ಅಕ್ಕಪಕ್ಕದವರು ತಮ್ಮ ತಮ್ಮ ತೋಟದಿಂದ ಒಂದೊಂದು ಹೊರೆ ಸೊಪ್ಪು ತಂದು ಸೊಸೆಯ ಮುಂದೆ ಹಾಕಿದ್ದರು. ಗೂಡು ಎಂದಿನಂತೆ ಚೆನ್ನಾಗಿಯೇ ಆಗಿತ್ತು. ಅವರಿಗೆ ಯಾರು ಹೇಳಿಕೊಟ್ಟರೋ ಅವರಿಗೇ ಗೊತ್ತಿಲ್ಲ. ನನಗೆ ಗೊತ್ತು.

ಮಗಳಿಗೆ ಕೃಪೆ ಎಂದು ಹೆಸರಿಟ್ಟೆವು. ಅವಳು ಮಗುಚಿಕೊಳ್ಳಲು ಕಲಿತ ದಿನಗಳಲ್ಲಿ ನಮ್ಮವರು ಚಿಂತಾಮಣಿಯಿಂದ ನಗುನಗುತ್ತ ಬಂದರು. "ಅಯ್ಯನೋರು ಒಪ್ಪಿದಾರೆ ಕಣೇ. ಚಿಂತಾಮಣೀಲೇ ಜಾಗ ಇದೆಯಂತೆ, ಮನೇನೂ ಕೊಡ್ತಾರಂತೆ. ಏನ್ ಹೇಳ್ಲಿ?"

ನಾನು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹೂವು ಯಾವುದೂ ಇಲ್ಲದೆ ಹೊರಟು ನಿಂತಿದ್ದೆ. ಮುನಿಯಮ್ಮನ ಸೊಸೆ ಆಗಷ್ಟೇ ಬಂದು ಕರೆದು ಹೋಗಿದ್ದಳು: "ಹುಳ ಹಣ್ಣಾಗವೆ ಅಕ್ಕಾ. ಆರಿಸಿ ಗೂಡು ಕಟ್ಟೋ ಚಂದ್ರಂಕಿಗೆ ಬಿಡೋಕೆ ಕೈ ಸಾಲ್ದು. ಬಿರ್ರನೆ ಒಳಕ್ ಬಾ."

"ಹುಳ ಕಾಯಲ್ಲ ರೀ. ಮಗು ನೋಡ್ಕೊಳ್ಳಿ, ಬಂದ್ಮೇಲೆ ಮಾತಾಡಣ," ಎಂದು ಕೃಪೆಯನ್ನು ಅವರ ಕೈಗಿತ್ತು ಬೀದಿ ದಾಟಿದೆ.

ಆ ಮಾತನ್ನು ಆಮೇಲೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೃಪೆ ಈಗ ಶಾಲೆಗೆ ಹೋಗುತ್ತಾಳೆ, ಕರ್ತನ ದಯೆಯಿಂದ ನಾವಿನ್ನೂ ಅದೇ ಊರಲ್ಲಿದ್ದೇವೆ.